ಪುಸ್ತಕದಲ್ಲಿ ಬರೆಯದ ಲೈನ್ ಕ್ಲಿಯರ್

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಸವದತ್ತಿ ಕಡೆಯ ಒಂದು ವಿದ್ಯುತ್ ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದೆ. ಹದಿಮೂರು ಲೈನ್‌ಮನ್‌ಗಳು ನನ್ನ ಕೈಕೆಳಗಿದ್ದರು. ನಾನು ಕ್ರೈಸ್ತ. ಯಾರ ಮನೆಯಲ್ಲೂ ಒಂದು ಕಪ್ ಚಹಾವನ್ನೂ ಪುಕ್ಕಟೆ ಕುಡಿದವನಲ್ಲ. ಬೆನ್ನ ಹಿಂದೆ ಅವರು ನನ್ನನ್ನು ‘ಪಾದ್ರಿ ಸಾಹೇಬ್ರು’ ಎನ್ನುತ್ತಿದ್ದರು. ಆ ಹೆಸರು ನನಗೆ ಹಿತವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮ ಕೆಲಸದಲ್ಲಿ ‘ಲೈನ್ ಕ್ಲಿಯರ್’ ಎಂಬುದೊಂದಿದೆ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನ ಆಪರೇಟರ್ ಆ ಲೈನನ್ನು ಬಂದ್ ಮಾಡಿ ಪುಸ್ತಕದಲ್ಲಿ ಬರೆದು ನಂಬರ್ ಕೊಡಬೇಕು. ಕಂಬದ ಮೇಲಿನವನು ಕೆಳಗಿಳಿದು ಆ ನಂಬರ್ ಮರಳಿಸುವವರೆಗೆ ಯಾರೂ ಲೈನ್ ಚಾಲೂ ಮಾಡುವಂತಿಲ್ಲ. ಇದನ್ನು ತಪ್ಪಬಾರದೆಂದು ನಾನೇ ಆದೇಶ ಬರೆದು, ಹದಿಮೂರೂ ಜನರ ಸಹಿ ಪಡೆದಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮುರಗೋಡದ ಆಚೆಯ ಹಳ್ಳಿಯೊಂದರಲ್ಲಿ ಕಂಬದ ಮೇಲಿನ ತಂತಿ ಕಡಿದಿತ್ತು. ಹತ್ತು ಗಂಟೆಗೆ ಬೈಲಹೊಂಗಲದ ಚರ್ಚಿನಲ್ಲಿ ನಾನು ಪ್ರಾರ್ಥನೆ ನಡೆಸಬೇಕಿತ್ತು. ಸಬ್‌ಸ್ಟೇಷನ್ನಿಗೆ ಹೋಗಿ ನಂಬರ್ ತರುವಷ್ಟು ಹೊತ್ತಿಲ್ಲವೆಂದು ಆಪರೇಟರಿಗೆ ಫೋನ್ ಮಾಡಿ, ಬರೆಯುವುದು ಬೇಡ, ಸುಮ್ಮನೆ ಬಂದ್ ಮಾಡಿ ಎಂದೆ. ಜೊತೆಗಿದ್ದ ಲೈನ್‌ಮನ್ ಈರಣ್ಣ ಅನುಮಾನಿಸಿದ.

“ಸಾಹೇಬ್ರ, ನಂಬರ್ ತಗೊಂಡ್ರೇನ್ರಿ?”

“ಫೋನಿನ್ಯಾಗ ಹೇಳೇನಿ. ನೀ ಏರು.”

ಅವನು ಏರಿದ. ಏನೂ ಆಗಲಿಲ್ಲ. ನಾನು ಸರಿಯಾದ ಹೊತ್ತಿಗೆ ಚರ್ಚ್ ತಲುಪಿದೆ.

ನಾಲ್ಕು ತಿಂಗಳ ಬಳಿಕ ಈರಣ್ಣ ಒಬ್ಬನೇ ಇನ್ನೊಂದು ಹಳ್ಳಿಗೆ ಹೋಗಿದ್ದ. ಫೋನಿನಲ್ಲೇ ಹೇಳಿ ಲೈನ್ ಬಂದ್ ಮಾಡಿಸಿ ಕಂಬ ಹತ್ತಿದ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಯಿತು. ಹೊಸದಾಗಿ ಬಂದ ಆಪರೇಟರ್ ಪುಸ್ತಕ ನೋಡಿದ; ಅದರಲ್ಲಿ ಏನೂ ಇರಲಿಲ್ಲ; ಲೈನ್ ಚಾಲೂ ಮಾಡಿದ. ಹನ್ನೊಂದು ಸಾವಿರ ವೋಲ್ಟ್. ಬೆಳಗಾವಿಯ ಆಸ್ಪತ್ರೆಯಲ್ಲಿ ಈರಣ್ಣನ ಬಲಗೈಯನ್ನು ಮೊಣಕೈವರೆಗೆ ತೆಗೆದರು.

ವಿಚಾರಣೆಗೆ ಬಂದ ಮೇಲಧಿಕಾರಿ, “ನಿಮ್ಮಲ್ಲಿ ಫೋನಿನ ಮ್ಯಾಲೆ ಕೆಲಸ ಮಾಡೋ ರೂಢಿ ಇತ್ತೇನ್ರಿ?” ಎಂದು ಕೇಳಿದರು. ನಾನು ಆದೇಶದ ಪ್ರತಿ ಮುಂದಿಟ್ಟೆ. ಹದಿಮೂರು ಸಹಿಗಳಿದ್ದವು. ನಾನು ಒಂದೂ ಸುಳ್ಳು ಹೇಳಲಿಲ್ಲ. ಹಾಸಿಗೆಯಲ್ಲಿದ್ದ ಈರಣ್ಣನ ಹೇಳಿಕೆ ಎರಡೇ ಮಾತಿನದು: “ತಪ್ಪು ನಂದ್ರಿ.” ನೌಕರನ ನಿರ್ಲಕ್ಷ್ಯವೆಂದು ವರದಿಯಾಯಿತು.

ಮುಂದಿನ ತಿಂಗಳು ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವಿತ್ತು. ರೊಟ್ಟಿ ಮುಟ್ಟುವ ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿರೆಂದು ಸಭಾಪಾಲಕರು ಹೇಳಿದರು. ಎಂದಿನಂತೆ ಲೆಕ್ಕ ಹಾಕಿದೆ: ಲಂಚ ಇಲ್ಲ, ಕುಡಿತ ಇಲ್ಲ, ಸುಳ್ಳು ಇಲ್ಲ. ಸುಳ್ಳಿನ ಹತ್ತಿರ ಲೆಕ್ಕ ನಿಂತಿತು: ಆ ಭಾನುವಾರದ ಮಾತನ್ನು ವಿಚಾರಣೆಯಲ್ಲಿ ನಾನು ಎತ್ತಿರಲಿಲ್ಲ. ರೊಟ್ಟಿಯ ತಟ್ಟೆ ನನ್ನ ಹತ್ತಿರ ಬರುವ ಮೊದಲೇ ಎದ್ದು ಹೊರಗೆ ಬಂದು, ನೇರ ಈರಣ್ಣನ ಮನೆಗೆ ಹೋದೆ. ಹೆಂಡತಿ ಮಹಾದೇವಿ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು.

“ನನ್ನ ಹೆಸರು ಯಾಕ ಹೇಳ್ಲಿಲ್ಲ, ಈರಣ್ಣಾ?”

“ಹೇಳಿದ್ರ ಯಾರು ನಂಬ್ತಿದ್ರು, ಸಾಹೇಬ್ರ? ನಿಮ್ಮಂಥಾವ್ರು ಮಾಡ್ಯಾರಂದ್ರ ಅದು ತಪ್ಪಿರಂಗಿಲ್ಲ ಅಂತ ತಿಳಕೊಂಡ ನಾನೂ ಮಾಡಿದೆ.”

ಮಹಾದೇವಿ ತಲೆ ಎತ್ತಲಿಲ್ಲ. “ಈಗರ ಬರದು ಕೊಡ್ರೆಲಾ,” ಎಂದಳು.

ಫೋನಿನ ಮೇಲೆ ಈರಣ್ಣನನ್ನು ಮೊದಲು ಕಂಬ ಹತ್ತಿಸಿದವನು ನಾನೇ ಎಂದು ಬರೆದು ಕೊಟ್ಟೆ. ವಿಚಾರಣೆ ಮಾಡಿದ್ದ ಅಧಿಕಾರಿ ಓದಿ, ನನ್ನ ಹೆಗಲು ತಟ್ಟಿದರು. “ಅವನ ಸಂಕಟ ನೋಡಿ ತಪ್ಪನ್ನ ನಿಮ್ಮ ಮ್ಯಾಲೆ ಹಾಕ್ಕೋಳಾಕ ಹತ್ತೀರಿ. ನಿಮ್ಮ ಧರ್ಮಾನ ಹಂಗದ, ನನಗ ಗೊತ್ತದ. ಒಯ್ರಿ ಇದನ್ನ.” ಮತ್ತೆರಡು ಸಲ ಟಪಾಲಿನಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ.

ಜೀವನವಿಡೀ ನಾನೇನು ಮಾಡಿದೆ ಎಂದಷ್ಟೇ ಆತ್ಮಸಾಕ್ಷಿಯನ್ನು ಕೇಳಿಕೊಂಡೆ. ನನ್ನನ್ನು ನೋಡಿ ಯಾರು ಏನು ಮಾಡಿದರೆಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಒಳ್ಳೆಯವನೆಂಬ ಹೆಸರು ಇದ್ದವನು ಒಂದು ದಿನ ದಾರಿ ತಪ್ಪಿದರೆ, ಹಿಂದೆ ಬರುವವರಿಗೆ ಅದೇ ದಾರಿಯಾಗುತ್ತದೆ. ನೌಕರಿ ಇಷ್ಟನ್ನು ಕಲಿಸಿತು, ತಡವಾಗಿ, ಮತ್ತೊಬ್ಬನ ಕೈ ತೆಗೆದುಕೊಂಡು.

ನನ್ನ ಸರ್ವಿಸ್ ಬುಕ್ಕಿನಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ. ಈರಣ್ಣನದರಲ್ಲಿ ಒಂದಿದೆ. ಅದು ನನ್ನದು.