ಆರ್ಡಿಸ್ ಹೌಗನ್ ಹಾಕಿದ ಸಹಿ

ಅಮೆರಿಕದ ಮಿನ್ನೆಸೋಟ ರಾಜ್ಯದ ನಮ್ಮ ಊರಿನ ಮತಗಟ್ಟೆಯಲ್ಲಿ ಆರ್ಡಿಸ್ ಹೌಗನ್ ಚುನಾವಣಾ ಸಿಬ್ಬಂದಿಯಾಗಿ ಇಪ್ಪತ್ತೆಂಟು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತಳು. ಪಕ್ಕದ ಕುರ್ಚಿ ನನ್ನದು. ಅವಳು ರಿಪಬ್ಲಿಕನ್, ನಾನು ಡೆಮಾಕ್ರಟ್. ಒಂದೇ ಪಕ್ಷದವರ ಕೈಗೆ ಮೇಜು ಸಿಗಬಾರದೆಂಬುದು ಕಾನೂನು. ಕಣ್ಣು ಕಾಣದವರು ಬಂದರೆ ನಾವಿಬ್ಬರೂ ಅವರ ಎರಡು ಬದಿಗೆ ನಿಂತು ಮತಪತ್ರ ಓದಿ ಹೇಳುತ್ತಿದ್ದೆವು. ಮಧ್ಯಾಹ್ನ ಅವಳ ಆಲೂಗಡ್ಡೆ ರೊಟ್ಟಿ, ನನ್ನ ಬಟಾಣಿ ಸೂಪು.

ಶಾಲೆಯ ಬಸ್ಸು ಓಡಿಸಿ ಬದುಕಿದ ವಿಧವೆ ಅವಳು. ಗರ್ಭಪಾತ, ಬಂದೂಕು, ತೆರಿಗೆ, ಗಡಿ, ಯಾವುದರಲ್ಲೂ ನಮಗೆ ಹೊಂದಿಕೆಯಾಗಲಿಲ್ಲ. ನಲವತ್ತು ದಾಟಿದ ಮೇಲೆ ನಾನು ಸಂಜೆ ತರಗತಿಗೆ ಹೋಗಿ ಕಲಿತವಳೆಂಬುದು ಅವಳಿಗೆ ಸದಾ ಕೈಗೆಟುಕುವ ಕೋಲು.

“ಸಂಜೆ ಶಾಲೆ ಪಂಡಿತೆ ಮಾತಾಡಿದ್ಳು, ಎಲ್ಲರೂ ಎದ್ದು ನಿಲ್ರಪ್ಪಾ!” ಎನ್ನುತ್ತಿದ್ದಳು.

“ಬಸ್ಸಿನ ಹಾರ್ನ್ ಕೇಳಿಸ್ತು ಅಂದ್ಕೊಂಡೆ, ನೀನಾ?” ಎನ್ನುತ್ತಿದ್ದೆ ನಾನು.

ಇಪ್ಪತ್ತೆಂಟನೆಯ ವರ್ಷದ ನವೆಂಬರಿನ ಚುನಾವಣೆಯಲ್ಲಿ ಟರ್ಕಿ ಕೋಳಿ ಮಾಂಸದ ಕಾರ್ಖಾನೆಯಲ್ಲಿ ದುಡಿಯುವ ಹೊದಾನ್ ಎಂಬ ಸೊಮಾಲಿ ಹೆಂಗಸು ಬಂದಳು. ಈ ದೇಶದ ಪ್ರಜೆಯಾಗಿ ಎರಡು ವರ್ಷವಾಗಿತ್ತು. ಆದರೆ ಅವಳ ಗುರುತಿನ ಚೀಟಿಯಲ್ಲಿ ಹಳೆಯ ಊರಿನ ವಿಳಾಸವಿತ್ತು. ಹಾಗಿದ್ದಾಗ ಅದೇ ಮತಗಟ್ಟೆಯ ಮತದಾರರೊಬ್ಬರು ‘ಇವಳು ಇಲ್ಲಿಯೇ ವಾಸವಾಗಿದ್ದಾಳೆ’ ಎಂದು ಪ್ರಮಾಣ ಮಾಡಿ ಸಹಿ ಹಾಕಿದರೆ ಸಾಕು. ಇದು ನಮ್ಮ ರಾಜ್ಯದ ಹಳೆಯ ಪದ್ಧತಿ. ಜಮೀನಿನ ಕಾಗದವಿಲ್ಲದ ನಮ್ಮೂರಿನ ಎಷ್ಟೋ ನಾರ್ವೇಜಿಯನ್ ಮನೆತನಗಳ ಗಂಡುಮಕ್ಕಳು ಹೀಗೆಯೇ ಮತ ಹಾಕಿದ್ದಾರೆ. ಹೊದಾನಳಿಗಾಗಿ ಸಾಲಿನಿಂದ ಯಾರೂ ಮುಂದೆ ಬರಲಿಲ್ಲ.

ಆರ್ಡಿಸ್ ಪೆನ್ನು ತೆಗೆದುಕೊಂಡಳು. “ನಮ್ಮ ರಸ್ತೆ ತುದೀಲಿ ಇರ್ತಾಳೆ. ಹೋದ ಚಳಿಗಾಲ ನನ್ನ ಬಾಗಿಲ ಹಿಮ ತೆಗೆದೋಳು ಇವಳೇ.”

ಸಾಲಿನಲ್ಲಿದ್ದ ಅವಳ ತಮ್ಮ ಡುವೇನ್ ಮುಂದೆ ಬಂದ. “ಅಕ್ಕಾ, ಅವಳ ಪರವಾಗಿ ಆಣೆ ಮಾಡ್ತೀಯಾ? ನಮ್ಮೋರ ಎದುರಿಗೇ?”

“ಇರೋಳನ್ನ ಇಲ್ಲ ಅಂತ ಹೇಳ್ಲೇನೋ? ಸಾಲಲ್ಲಿ ನಿಂತ್ಕೋ ಹೋಗು.”

ಅವಳು ಯಾವ ಅಭಿಪ್ರಾಯವನ್ನೂ ಬದಲಿಸಿರಲಿಲ್ಲ. ಗಡಿಗೆ ಗೋಡೆ ಬೇಕೆಂದೇ ಅಂದು ಸಂಜೆಯೂ ನನ್ನೊಡನೆ ವಾದಿಸಿದಳು. ಆದರೆ ಚಳಿಗಾಲ ಮುಗಿಯುವಷ್ಟರಲ್ಲಿ ಊರಿನ ಬಾಯಲ್ಲಿ ಆ ಒಂದು ಸಹಿ ಕಳ್ಳಮತದ ನಲವತ್ತು ಸಹಿಗಳಾಗಿತ್ತು. ಚರ್ಚಿನಲ್ಲಿ ಅವಳ ಪಕ್ಕ ಕೂರುವವರಿಲ್ಲದೆ ಬೆಂಚು ಖಾಲಿಯಾಯಿತು. ನಮ್ಮ ಪಕ್ಷದವರೂ ಅವಳನ್ನು ಮೆಚ್ಚಲಿಲ್ಲ. “ಅವರ ಜಗಳ ಅವರೇ ಆಡ್ಕೊಳ್ಳಲಿ” ಎಂದು ನಕ್ಕರು. ಹೊದಾನ್ ಮನೆ ಖಾಲಿ ಮಾಡಿಕೊಂಡು ನಗರಕ್ಕೆ ಹೋದಳು.

ಮಾರ್ಚ್ ತಿಂಗಳ ಊರಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತನಾಡಬಹುದು. ಆರ್ಡಿಸಳ ಹೆಸರನ್ನು ಮತಗಟ್ಟೆಯ ಸಿಬ್ಬಂದಿಯ ಪಟ್ಟಿಯಿಂದ ತೆಗೆಯಬೇಕೆಂದು ಡುವೇನ್ ಕೇಳಿದ. ಆ ಕುರ್ಚಿಯೊಂದೇ ಅವಳಿಗೆ ಊರಿನಲ್ಲಿ ಉಳಿದಿದ್ದ ಮರ್ಯಾದೆ. ಅವಳು ನನ್ನ ಕಡೆ ತಿರುಗಿದಳು.

“ಕ್ಲಾರಿಸ್, ನೀನಿದ್ದೆಯಲ್ಲ, ಕಾಗದ ನೋಡಿದೀಯಲ್ಲ. ಒಂದು ಮಾತು ಹೇಳೇ.”

ಸಭೆ ನನ್ನನ್ನು ನೋಡಿತು. ಎದುರು ಪಕ್ಷದವಳು ಬಾಯಿ ತೆರೆದರೆ ಅವಳಿಗೇ ಕೆಡುಕೆಂದು ನಾನು ಲೆಕ್ಕ ಹಾಕಿದೆ. ಆ ಲೆಕ್ಕ ಸರಿಯೇ ಇದ್ದಿರಬಹುದು. ಆದರೆ ಅದರ ಅಡಿಯಲ್ಲಿ ಇನ್ನೊಂದು ಮಾತಿತ್ತು: ಇಪ್ಪತ್ತೆಂಟು ವರ್ಷ ನನ್ನನ್ನು ಪಂಡಿತೆ ಎಂದು ಹಂಗಿಸಿದವಳು ತನ್ನವರಿಂದಲೇ ಪಾಠ ಕಲಿಯಲಿ. ನಾನು ಮಡಿಲಲ್ಲಿದ್ದ ಕೈಗವಸುಗಳನ್ನು ಜೋಡಿಸುತ್ತ ಕುಳಿತೆ. ಕೈಗಳು ಮೇಲೆದ್ದವು. ಹೆಸರು ಹೋಯಿತು.

ಆ ಕುರ್ಚಿಗೆ ಅವಳ ಪಕ್ಷದಿಂದ ಇನ್ನೊಬ್ಬರು ಬರಲಿಲ್ಲ. ತನ್ನ ಮೇಲೂ ಕಳ್ಳಮತದ ಮಾತು ಬರಲೆಂದು ಯಾರು ಬಯಸುತ್ತಾರೆ? ಊರಿನ ಮಂಡಳಿಯವರು ಮತಗಟ್ಟೆಯನ್ನೇ ಮುಚ್ಚಿ, ಇನ್ನು ಮುಂದೆ ಅಂಚೆಯಲ್ಲಿ ಮತ ಎಂದು ತೀರ್ಮಾನಿಸಿದರು. ಅಂಚೆಯ ಮತವನ್ನೇ ಮೋಸವೆನ್ನುತ್ತಿದ್ದ ಡುವೇನ್ ಅದಕ್ಕೂ ಕೂಗಾಡಿದ. ಮತಗಟ್ಟೆಯಿದ್ದ ಸಭಾಭವನಕ್ಕೆ ಬೀಗ ಬಿತ್ತು.

ಮುಂದಿನ ಚುನಾವಣೆಗೆ ಮೊದಲು ಅಕ್ಟೋಬರಿನಲ್ಲಿ ಅಂಚೆ ಮತದ ಲಕೋಟೆ ಬಂತು. ಮತದಾರ ಬೇರೊಬ್ಬ ಮತದಾರನ ಎದುರು ಸಹಿ ಹಾಕಬೇಕು, ಆತ ಸಾಕ್ಷಿಯಾಗಿ ಸಹಿ ಹಾಕಬೇಕು. ನಾನು ಒಬ್ಬಂಟಿ. ಬಟಾಣಿ ಸೂಪಿನ ಪಾತ್ರೆಯನ್ನೂ ಹಿಡಿದುಕೊಂಡು ಆರ್ಡಿಸಳ ಮನೆಗೆ ನಡೆದೆ.

ಅವಳು ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ಅವಳ ಲಕೋಟೆ ಬೆನ್ನ ಹಿಂದಿನ ಮೇಜಿನ ಮೇಲೆ ಒಡೆಯದೆ ಬಿದ್ದಿತ್ತು.

“ಒಂದು ಸಹಿ ಹಾಕು ಆರ್ಡಿಸ್. ನಿನ್ನದಕ್ಕೆ ನಾನು ಹಾಕ್ತೀನಿ.”

ಅವಳು ಲಕೋಟೆಯನ್ನು ನೋಡಿದಳು, ಮುಟ್ಟಲಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ನನ್ನ ಸಹಿ ಈ ಊರಲ್ಲಿ ನಡೆಯೋದಿಲ್ಲ ಕಣೇ. ನೀನೂ ಅಲ್ಲೇ ಕೂತಿದ್ದೆಯಲ್ಲ, ಗೊತ್ತಿಲ್ವಾ? ಸೂಪು ತಣ್ಣಗಾಗತ್ತೆ, ಮನೆಗೆ ಹೋಗು.”

ಬೇರೆ ಯಾರನ್ನೂ ನಾನು ಕೇಳಲಿಲ್ಲ. ಚುನಾವಣೆಯ ದಿನ ನನ್ನ ಲಕೋಟೆಯೂ ಅಡುಗೆಮನೆಯ ಮೇಜಿನ ಮೇಲೇ ಉಳಿಯಿತು.