ಪ್ರೆಸ್ಸಿನ ಮೇಲೆ ಅಂಟಿಸಿದ ಫೋಟೋ

ಪೀಣ್ಯದ ಕಾರ್ಖಾನೆಗಳಲ್ಲಿ ಸುರಕ್ಷತೆಯ ನಿಯಮ ಪಾಲಿಸ್ತಿದ್ದಾರಾ ಅಂತ ನೋಡಿಬರುವುದು ನನ್ನ ಕೆಲಸ. ಅವತ್ತು ಹೋದ ಕಡೆ, ತಗಡು ಒತ್ತುವ ಪ್ರತಿ ಪ್ರೆಸ್ಸಿನ ಮೇಲೂ, ಕೆಲಸದವರ ಕಣ್ಣೆದುರಿಗೇ, ಜಜ್ಜಿಹೋದ ಬೆರಳುಗಳ ಫೋಟೋ ಅಂಟಿಸಿದ್ದರು. ನೋಡಿ ಹೆದರಲಿ, ಹುಷಾರಾಗಿರಲಿ ಅಂತ.

ಒಬ್ಬ ಹೆಣ್ಣುಮಗಳು ಮುಖವನ್ನು ಪೂರ್ತಿ ಕಿಟಕಿ ಕಡೆ ತಿರುಗಿಸಿಕೊಂಡು, ಬರೀ ಅಂದಾಜಿನಲ್ಲಿ ಪ್ರೆಸ್ಸಿನೊಳಗೆ ತಗಡು ಇಡುತ್ತಿದ್ದಳು. ಅಚ್ಚು ಧಡ್ ಅಂತ ಇಳಿಯುತ್ತಿತ್ತು. ಕೂಗಿದರೆ ಬೆಚ್ಚಿ ಕೈ ಅಲ್ಲೇ ಬಿಟ್ಟಾಳು. ಸುಮ್ಮನಿದ್ದರೆ ಇನ್ನೊಂದು ತಗಡು ಇಡುತ್ತಾಳೆ. ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ.

"ಯಾಕ್ರೀ, ಎಲ್ಲೋ ನೋಡ್ತಾ ಒಳಗೆ ಕೈ ಹಾಕ್ತಿದ್ದೀರಾ?"

"ಆ ಫೋಟೋ ನೋಡಿದ್ರ ಹೊಟ್ಟಿ ತೊಳಸ್ತೈತ್ರೀ ಮೇಡಂ. ಮಧ್ಯಾಹ್ನ ಊಟನೂ ಸೇರವಲ್ದು."

ಪಕ್ಕದಲ್ಲಿದ್ದ ಸೂಪರ್‌ವೈಸರ್ ಮುಖ ಅರಳಿತು. "ನೋಡಿ ಮೇಡಂ, ಫೋಟೋ ಸಕ್ಕತ್ತಾಗಿ ಕೆಲಸ ಮಾಡ್ತಿದೆ."

ಅವಳ ಎರಡೂ ಕೈ ಹಿಡಿದು ಬೆರಳುಗಳನ್ನು ನೋಡಿದ ಮೇಲೆಯೇ ನನಗೆ ಉಸಿರು ಬಂದಿದ್ದು. ಫೋಟೋವನ್ನು ನಾನೇ ಕೈಯಾರೆ ಕಿತ್ತೆ. ಅರ್ಧ ಬಂತು, ಇನ್ನರ್ಧ ಪ್ರೆಸ್ಸಿಗೇ ಅಂಟಿಕೊಂಡು ಉಳಿಯಿತು. ನಾನೂ ಕಿಟಕಿ ಕಡೆ ನೋಡ್ತಾ ಕಿತ್ತರೆ ಇನ್ನೇನಾಗುತ್ತೆ, ಹೇಳಿ.