ನಾಲ್ಕು ಒಲೆಯ ರೊಟ್ಟಿ

ಬಲಗೈ ಬಳೆಗಳನ್ನು ಮೊಣಕೈವರೆಗೆ ಸರಿಸಿ, ಹಳೆಯ ಸೀರೆಯ ಅಂಚಿನಿಂದ ಬಿಗಿದು ಕಟ್ಟಿಕೊಳ್ಳುತ್ತಿದ್ದಳು ಅತ್ತಿ. ರೊಟ್ಟಿ ಬಡಿಯುವಾಗ ಬಳೆ ಹಿಟ್ಟಿಗೆ ತಾಗಬಾರದಲ್ಲ! ಕೆಲಸ ಮುಗಿದ ಮೇಲೂ ಬಿಚ್ಚುವ ನೆನಪಿರುತ್ತಿರಲಿಲ್ಲ. ಮದುವೆ ಮನೆಗೂ ಹಾಗೆಯೇ ಬಂದುಬಿಡುತ್ತಿದ್ದಳು. ನಾವು ನಕ್ಕರೆ, "ನಗ್ರಿ, ನಗ್ರಿ. ಕಡೀ ಪಂಗ್ತಿಗೆ ರೊಟ್ಟಿ ಕಡಿಮಿ ಬಿದ್ರ ನನ್ನನ್ನ ಕರೀತೀರಿ" ಅನ್ನುತ್ತಿದ್ದಳು. ಕರೆಯುತ್ತಿದ್ದದ್ದೂ ನಿಜ.

ದೇವರ ಹಿಪ್ಪರಗಿಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಖಾನಾವಳಿ. ಪಲ್ಯ, ಬೇಳೆ, ಶೇಂಗಾ ಹಿಂಡಿ ನನ್ನವು. ಜೋಳದ ರೊಟ್ಟಿ ಮಾತ್ರ ಅತ್ತಿಯದು. ನನಗೆ ನೆಂಟಳೇನಲ್ಲ, ಹಿಂದಿನ ಓಣಿಯವಳು. ಊರೆಲ್ಲ ಆಕೆಯನ್ನು ಹಾಗೆಯೇ ಕರೆಯುತ್ತಿತ್ತು. ಬೇರೆ ಹೆಂಗಸರು "ನಾವೂ ರೊಟ್ಟಿ ಕೊಡ್ತೇವ್ರಿ ಅಕ್ಕಾ" ಎಂದು ಬಂದರೆ ಹೊಸ್ತಿಲಿನಿಂದಲೇ ವಾಪಸ್ ಕಳಿಸುತ್ತಿದ್ದೆ. ಆಕೆಯ ಬುಟ್ಟಿಯ ಪಕ್ಕ ಇನ್ನೊಬ್ಬರ ಬುಟ್ಟಿ ಇಡುವುದೆಂದರೆ ಆಕೆಗೆ ಅವಮಾನ ಮಾಡಿದಂತೆ ಅನ್ನುವುದು ನಮ್ಮ ಕಡೆಯ ಲೆಕ್ಕ.

ಒಂದು ಸಂತೆಯ ದಿನ ಬುಟ್ಟಿ ಬರಲೇ ಇಲ್ಲ. ಒಳಗೆ ಎಣ್ಣೆಗಾಯಿ ಘಮಘಮ, ಹೊರಗೆ ಬೆಂಚಿನ ತುಂಬ ಜನ. ಓಡಿಹೋಗಿ ನೋಡಿದರೆ ಅತ್ತಿ ಬಚ್ಚಲಲ್ಲಿ ಜಾರಿ ಬಿದ್ದು ಬಲ ಮುಂಗೈ ಮುರಿದುಕೊಂಡಿದ್ದಳು. ವಾಪಸ್ ಬಂದು ಬರೀ ಅನ್ನ ಬಡಿಸಿದೆ. ತೊಗರಿ ಮಾರಲು ಬಂದಿದ್ದ ರೈತರು, "ಬರೇ ಅನ್ನ ಉಣ್ಣಾಕ ನಾವೇನು ಜಡ್ಡಿಗೆ ಬಿದ್ದೇವೇನ್ರಿ?" ಎಂದು ಎದ್ದು ಎದುರಿನ ಖಾನಾವಳಿಗೆ ಹೋದರು. ಮರುದಿನ ಅವರಿರಲಿ, ದಿನಾ ಬರುವ ಮಾಸ್ತರೂ ಇತ್ತ ತಿರುಗಿ ನೋಡಲಿಲ್ಲ. ಬಾಗಿಲು ಹಾಕುವ ಕಾಲ ಬಂತು ಅಂದುಕೊಂಡೆ.

ಅತ್ತಿಯ ಮುಂದೆ ಕೂತು ಅತ್ತುಬಿಟ್ಟೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡರೆ ಬೈದಳು.

"ನನ್ನ ಕೈ ಮುರದ್ರ ನಿನ್ನ ಖಾನಾವಳಿ ಮುರೀತೈತಿ ಅಂದ್ರ ಅದೆಂಥಾ ಖಾನಾವಳಿ?"

"ಬ್ಯಾರೇದವರ ಕಡಿಂದ ತಗೊಂಡ್ರ ನೀ ನೊಂದ್ಕೋತಿದ್ದಿ, ಅತ್ತಿ."

"ನೊಂದ್ಕೋತಿದ್ದೆ. ಎರಡು ದಿನ ಮಾತು ಬಿಡ್ತಿದ್ದೆ. ಮಾತು ಬಿಟ್ರ ಯಾರ ಹೊಟ್ಟಿಗೂ ಏನೂ ಆಗ್ತಿದ್ದಿಲ್ಲ. ಈಗ ನೋಡು!"

ಅವತ್ತೇ ಓಣಿಯ ಮೂವರು ಹೆಂಗಸರಿಗೆ ಹೇಳಿ ಕಳಿಸಿದಳು. ನಾನು ಹೊಸ್ತಿಲಿನಿಂದ ತಿರುಗಿಸಿ ಕಳಿಸಿದವರೇ. ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ನೀರು ಇನ್ನಷ್ಟು ಕುದೀಲಿ", "ಅಂಚು ದಪ್ಪಾತು, ಬಡಿ" ಎಂದು ಮೂವರ ಮನೆಗೂ ತಿರುಗಿದಳು. ಮೊದಮೊದಲು ಅಂಚು ಸೀಳಿದ ರೊಟ್ಟಿಗಳು ಬಂದವು. ವಾರ ಕಳೆಯುವುದರಲ್ಲಿ ರೈತರೂ ಬಂದರು, ಮಾಸ್ತರೂ ಬಂದರು. ಕೈ ನೆಟ್ಟಗಾದ ಮೇಲೆ ತನ್ನ ರೊಟ್ಟಿಯನ್ನೂ ಅದೇ ಬುಟ್ಟಿಗೆ ಹಾಕತೊಡಗಿದಳು.

ಅಷ್ಟಕ್ಕೇ ಬಿಡಲಿಲ್ಲ ಮಹಾತಾಯಿ. ಒಂದು ದಿನ ನನ್ನ ಕಣ್ಣೆದುರಿಗೇ ಒಂದು ಬುಟ್ಟಿ ಎದುರಿನ ಖಾನಾವಳಿಗೆ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

"ಅತ್ತಿ, ಅವಗೂ ಕೊಡ್ತೀಯಾ?"

"ಹೂಂ. ನಾಳೆ ನೀ ಜಡ್ಡಾಗಿ ಬಾಗಲಾ ಹಾಕಿದ್ರ ಈ ಮೂವರು ಯಾರ ಕಡೆ ನೋಡಬೇಕು?"

 

ಹೋದ ಚಳಿಗಾಲದಲ್ಲಿ ಅತ್ತಿ ಹೋದಳು. ಯಂಕಂಚಿಯಿಂದ, ಸಿಂದಗಿಯಿಂದ ಬಳಗವೆಲ್ಲ ಬಂತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬಂದವರಿಗೆ ಊಟ ಹಾಕುವುದು ನಮ್ಮ ಪಾಲಿಗೆ ಬಂತು. ಪಂಕ್ತಿಯ ಮೇಲೆ ಪಂಕ್ತಿ ಏಳುತ್ತಿತ್ತು, ಬುಟ್ಟಿಯ ತಳ ಕಾಣತೊಡಗಿತ್ತು. ಕಡಿಮೆ ಬಿದ್ದರೆ ಇನ್ನು ಯಾರನ್ನು ಕರೆಯಲಿ? ಆಗ ಆ ಮೂವರು ಅಳುತ್ತಲೇ ಇನ್ನೊಂದು ಬುಟ್ಟಿ ಹೊತ್ತು ತಂದರು. ಹಿಂದೆಯೇ ಎದುರಿನ ಖಾನಾವಳಿಯವನು ಪಲ್ಯದ ಪಾತ್ರೆ ಹಿಡಿದು ಬಂದ. ಮೂವರ ಬಲಗೈ ಬಳೆಗಳೂ ಮೊಣಕೈವರೆಗೆ ಸರಿದು, ಸೀರೆಯ ಅಂಚಿನಲ್ಲಿ ಬಿಗಿದಿದ್ದವು.

ಕಡೆಯ ಪಂಕ್ತಿ ಎದ್ದಾಗ ಬುಟ್ಟಿಯಲ್ಲಿ ಇನ್ನೂ ರೊಟ್ಟಿ ಇತ್ತು.